ಕಚ್ಚಿಟ್ಟ ರೊಟ್ಟಿ

ಮೂರು ಲೀಟರಿನ ಗಾಜಿನ ಭರಣಿಗೆ ಕಾಯಿಸಿ ಆರಿಸಿದ ನೀರು ಸುರಿದು, ಉಪ್ಪು ಹಾಕಿ, ಸೋಡಾಪುಡಿಯ ಡಬ್ಬಿಗೆ ಚಮಚ ಇಳಿಸಿದ ಸನೋಬರಳಿಗೆ ಅಷ್ಟರಲ್ಲಿ ಎಷ್ಟು ಚಮಚ ಹಾಕಿಯಾಗಿದೆ ಎಂಬುದೇ ಮರೆತುಹೋಯಿತು. ಹದಿನೇಳು ವರ್ಷದಿಂದ ಆಸ್ಪತ್ರೆಯ ಈ ಮೂರನೆಯ ಮಹಡಿಯಲ್ಲಿ ಇದೇ ನೀರು ಬೆರೆಸುತ್ತ ಬಂದ ಕೈ. ಅದಕ್ಕಾದರೂ ಗೊತ್ತಿದ್ದೀತೆಂದು ಕೈಯನ್ನೇ ನೋಡಿದಳು. ನಿನ್ನೆ ಸಂಜೆ ಐದಕ್ಕೆ ತಾನು ಏನು ಬರೆದೆನೆಂಬುದೂ ನೆನಪಿಲ್ಲದ ಮಳ್ಳಿಯ ಹಾಗೆ ಕೈ ಚಮಚ ಹಿಡಿದು ನಿಂತಿತ್ತು. ಇಡೀ ಭರಣಿಯ ನೀರನ್ನು ತೊಟ್ಟಿಗೆ ಚೆಲ್ಲಿ ಮತ್ತೆ ಮೊದಲಿನಿಂದ ಶುರುಮಾಡಿದಳು. ನಿನ್ನೆಯದನ್ನೂ ಹೀಗೆ ಚೆಲ್ಲಿ ಮತ್ತೆ ಬೆರೆಸುವ ಹಾಗಿದ್ದರೆ. ಆದರೆ ನಿನ್ನೆಯದು ನೀರಲ್ಲ, ಹಾಳೆ. ನಾಲ್ಕನೆಯ ಮಂಚದ ಕಾಲಿಗೆ ತಗುಲಿಹಾಕಿದ, ರೋಗಿಯ ಬಾಯಿ ತೊಳೆದ ಲೆಕ್ಕದ ಹಾಳೆಯಲ್ಲಿ ಎಂಟು ಗಂಟೆ, ಹತ್ತು, ಹನ್ನೆರಡು, ಎರಡು, ನಾಲ್ಕು ಎಂಬ ಐದೂ ಮನೆಗಳಿಗೆ ಅವಳು ಒಂದೇ ಉಸಿರಿಗೆ ಐದು ಪ್ಲಸ್ ಗುರುತು ಹಾಕಿದ್ದಳು, ಟೋಪಿಗೆ ಕಸೂತಿ ಹಾಕುವವರು ಮಾತಾಡುತ್ತ ಮಾತಾಡುತ್ತ ಹೊಲಿಗೆ ಹಾಕಿಬಿಡುವ ಹಾಗೆ. ಆರನೆಯ ಮನೆಯ ತಲೆಯ ಮೇಲೆ ‘ಹಲ್ಲುಸೆಟ್ಟು ಇದ್ದಲ್ಲಿ ತೆಗೆದು ತೊಳೆದದ್ದು’ ಎಂದಿತ್ತು. ಅದಕ್ಕೂ ಒಂದು ಪ್ಲಸ್. ಸೆಟ್ಟು ಇದೆಯೋ ಇಲ್ಲವೋ ಎಂದು ಕೇಳಿರಲಿಲ್ಲ. ಖಾಲಿ ಮನೆ ತನಿಖೆಯವರ ಕಣ್ಣಿಗೆ ಬೀಳುತ್ತದೆ, ತುಂಬಿದ ಮನೆಯನ್ನು ಯಾರೂ ನೋಡುವುದಿಲ್ಲ.

ಹೆಚ್ಚು ಚುಚ್ಚುತ್ತಿದ್ದುದೆಂದರೆ ಆ ಹಾಳೆ ಅವಳದೇ ಸೃಷ್ಟಿ ಎಂಬುದು. ಮೂರು ವರ್ಷದ ಹಿಂದೆ ತಾಷ್ಕೆಂಟಿನಲ್ಲಿ ಐದು ದಿನದ ತರಬೇತಿ ಮುಗಿಸಿ ಫರ್ಗಾನಾ ಕಣಿವೆಗೆ ಹಿಂದಿರುಗುವ ರೈಲಿನಲ್ಲಿ, ಮಡಿಲ ಮೇಲೆ ಕಾಗದವಿಟ್ಟುಕೊಂಡು, ಮಗನ ಅಳತೆಪಟ್ಟಿಯಿಂದ ಗೆರೆ ಎಳೆದು ಅದನ್ನು ಮಾಡಿದ್ದಳು. ತರಬೇತಿಯ ಹೆಂಗಸು ಹೇಳಿದ್ದಳು: ಗಂತಿಯ, ಅಂದರೆ ಕ್ಯಾನ್ಸರಿನ, ಔಷಧಕ್ಕೆ ಯಾವುದು ರೋಗ, ಯಾವುದು ಬಾಯಿಯ ಒಳಚರ್ಮ ಎಂದು ತಿಳಿಯುವುದಿಲ್ಲ, ಬೇಗ ಬೆಳೆಯುವುದನ್ನೆಲ್ಲ ಸುಡುತ್ತದೆ. ಅದನ್ನು ನೀವು ತಡೆಯಲಾರಿರಿ. ಆದರೆ ಎರಡು ಗಂಟೆಗೊಮ್ಮೆ ಬಾಯೊಳಗೆ ನೋಡಬಲ್ಲಿರಿ, ನೋಡುವುದೇ ಅರ್ಧ ಆರೈಕೆ. ಆ ಮಾತು ಕೇಳಿ ಸನೋಬರಳ ಕಣ್ಣಲ್ಲಿ ನೀರು ಬಂದಿತ್ತು, ಯಾಕೆಂದರೆ ಅಷ್ಟು ವರ್ಷ ಅವಳಿಗೆ ಬಾಯಿ ಯಾರ ಇಲಾಖೆಗೆ ಸೇರಿದ್ದು ಎಂದೇ ಗೊತ್ತಾಗಿರಲಿಲ್ಲ. ಹಲ್ಲಿನ ವೈದ್ಯರು ಇದು ಗಂತಿಯವರ ಕೆಲಸ ಎನ್ನುತ್ತಿದ್ದರು. ಗಂತಿಯವರು ಇದು ಸಿಸ್ಟರ್‌ಗಳ ಕೆಲಸ ಎನ್ನುತ್ತಿದ್ದರು. ಸಿಸ್ಟರ್‌ಗಳು ನೀಲಿ ಬಳಿಯುತ್ತಿದ್ದರು. ಅಜ್ಜಿಯರ ಕಾಲದಿಂದ ಬಂದ ಕಡುನೀಲಿ ಔಷಧ. ಕಡ್ಡಿಗೆ ಹತ್ತಿ ಸುತ್ತಿ ತುಟಿ ನಾಲಗೆಗೆಲ್ಲ ಬಳಿದರೆ ರೋಗಿಯ ಬಾಯಿ ಶಾಯಿ ಕುಡಿದವರ ಬಾಯಿಯಾಗುತ್ತದೆ. ಹುಣ್ಣಿಗೆ ಅದರಿಂದ ಏನಾಗುತ್ತದೋ, ನೋಡಲು ಬಂದ ನೆಂಟರಿಗಂತೂ ನೆಮ್ಮದಿಯಾಗುತ್ತದೆ: ಏನೋ ಮಾಡಿದ್ದಾರೆ. ಉಪ್ಪು-ಸೋಡಾದ ನೀರಿಗೆ ಬಣ್ಣವಿಲ್ಲ. ಎರಡು ಗಂಟೆಗೊಮ್ಮೆ ಮುಕ್ಕಳಿಸಿ ಉಗುಳಿದ್ದನ್ನು ಯಾರು ನೋಡುತ್ತಾರೆ? ಆದ್ದರಿಂದಲೇ ಹಾಳೆ. ಮೊದಲ ತಿಂಗಳು ಒಂದೊಂದು ಪ್ಲಸ್ಸಿಗೂ ಒಂದೊಂದು ಬಾಯಿ ನೋಡಿದ್ದಳು. ಆಮೇಲೆ ಮೂವತ್ತೆರಡು ಮಂಚಕ್ಕೆ ಇಬ್ಬರೇ ಸಿಸ್ಟರ್‌ಗಳಾದರು. ಬಾಯಿಗಳು ಹೆಚ್ಚಾದವು, ಪ್ಲಸ್ಸುಗಳು ಮಾತ್ರ ಒಂದೂ ಕಡಿಮೆಯಾಗಲಿಲ್ಲ.

ಆದರೆ ನಾಲ್ಕನೆಯ ಮಂಚದ ಬಾಯಿಯನ್ನು ನೋಡದೆ ಇದ್ದುದಕ್ಕೆ ಕಾರಣ ಇಬ್ಬರೇ ಸಿಸ್ಟರ್‌ಗಳಾದದ್ದಲ್ಲ. ಇದನ್ನು ಸನೋಬರ್ ತನಗೆ ತಾನೇ ಹೇಳಿಕೊಳ್ಳುವಷ್ಟು ಹತ್ತಿರ ಬಂದು, ಭರಣಿಯ ಮುಚ್ಚಳ ಬಿಗಿದು, ತಳ್ಳುಗಾಡಿಯ ಗಾಲಿಗೆ ಸಿಕ್ಕಿದ ಹತ್ತಿಯನ್ನು ಕಾಲಿಂದ ಒದ್ದು ವಾರ್ಡಿಗೆ ಹೋದಳು.

ವೈದ್ಯ ಕೊದಿರೋವ್ ಆಗಲೇ ರೌಂಡ್ಸಿಗೆ ಬಂದಿದ್ದ. ಮೂವತ್ತೈದರ ತೆಳ್ಳಗಿನ ಮನುಷ್ಯ, ಕಾಗದ ಓದುವಾಗ ತುಟಿ ಆಡಿಸುವವನು. ನಾಲ್ಕನೆಯ ಮಂಚದ ಮಸ್ತೂರಾ ಖೋಲಾ ಕಿಟಕಿಗೆ ಮುಖ ಮಾಡಿ, ಹೂವಿನ ತಲೆವಸ್ತ್ರದ ತುದಿಯನ್ನು ಬಾಯಿಗೆ ಅಡ್ಡವಾಗಿ ಎಳೆದುಕೊಂಡು ಮಲಗಿದ್ದಳು. ಮಾರ್ಗಿಲಾನಿನ ಅವರ ಮೊಹಲ್ಲಾದಲ್ಲಿ ಎಲ್ಲರಿಗೂ ಆಕೆ ಖೋಲಾ, ಅಂದರೆ ಚಿಕ್ಕಮ್ಮ, ಅರವತ್ತೊಂದು ವರ್ಷ. ಮದುವೆಯಿರಲಿ, ಸಾವಿರಲಿ, ಯಾರು ಎಲ್ಲಿ ಕೂರಬೇಕು, ಯಾರಿಗೆ ಮೊದಲು ಚಹಾ, ಪಲಾವಿನ ಹಂಡೆಯ ಮುಚ್ಚಳ ಯಾವಾಗ ತೆಗೆಯಬೇಕು ಎಂದು ತೀರ್ಮಾನಿಸುವ ಹೆಂಗಸು. ಮೂವತ್ತು ವರ್ಷ ಆ ನಾಲಗೆಗೆ ಹೆದರದ ಅಡುಗೆಯವರಿಲ್ಲ, ಬೀಗರಿಲ್ಲ. ಆ ನಾಲಗೆ ಈಗ ನಾಲ್ಕು ದಿನದಿಂದ ಎರಡು ಮಾತನ್ನೂ ಪೂರ್ತಿ ಆಡಿರಲಿಲ್ಲ.

“ಬಾಯಿ ಹೇಗಿದೆ ಖೋಲಾ?” ಎಂದ ಕೊದಿರೋವ್ ಮಂಚದ ಕಾಲ ಬಳಿಯಿಂದಲೇ. ಮಸ್ತೂರಾ ಹೊದಿಕೆಯ ಮೇಲಿನ ಕೈಯನ್ನು ಒಂದು ಅಂಗುಲ ಎತ್ತಿ ಇಳಿಸಿದಳು. ಅವನು ಹಾಳೆ ತಿರುವಿದ. “ಒಂಬತ್ತು ದಿನ. ಒಂದು ಹೊತ್ತೂ ತಪ್ಪಿಲ್ಲ. ಸೆಟ್ಟೂ ದಿನಾ ತೊಳೆದಿದ್ದೀರ. ಇಷ್ಟು ನೋಡ್ಕೊಂಡೂ ನಾಲ್ಕೂವರೆ ಕಿಲೋ ಇಳಿದಿದ್ದಾರೆ, ನೀರು ನುಂಗೋಕಾಗ್ತಿಲ್ಲ ಅಂದ್ರೆ, ಔಷಧಾನೇ ಇವರ ಮೈಗೆ ಒಗ್ತಿಲ್ಲ. ಗುರುವಾರದ ಡ್ರಿಪ್ ಬೇಡ. ನಾಳೆ ಮನೆಗೆ ಕಳಿಸೋಣ ಓಪಾ, ಅಲ್ಲೇ ಸ್ವಲ್ಪ ಚೇತರಿಸ್ಕೊಳ್ಲಿ.”

ಓಪಾ ಎಂದದ್ದು ಸನೋಬರಳನ್ನು. ತನಗಿಂತ ಹಿರಿಯಳೆಂದು ಅವನು ಅವಳನ್ನು ಅಕ್ಕನೆಂದೇ ಕರೆಯುತ್ತಿದ್ದ. ಈಗ ಹೇಳಬೇಕಾಗಿತ್ತು. ಡಾಕ್ಟ್ರೇ, ಆ ಹಾಳೆ ನಂಬಬೇಡಿ, ನಾನು ನೋಡದೆ ಬರೆದದ್ದು. ಏಳೆಂಟು ಶಬ್ದ ಅಷ್ಟೆ. ಮುಖಗವಸಿನ ಒಳಗೆ ಅವಳ ತುಟಿ ತೆರೆದದ್ದೂ ಹೌದು. ಹೊರಗೆ ಬಂದದ್ದು ಮಾತ್ರ “ಸರಿ ಡಾಕ್ಟ್ರೇ.” ಅವನು ಮುಂದಿನ ಮಂಚಕ್ಕೆ ಹೋದ. ಮೂರನೆಯ ಮಂಚದ, ಬಾಯೆಲ್ಲ ನೀಲಿಯಾದ ಹೆಂಗಸು (ಅವಳ ಮನೆಯವರು ಹಟಮಾಡಿ ಬಳಿಸಿಕೊಂಡಿದ್ದರು) ತನ್ನ ನೀಲಿ ನಾಲಗೆ ಚಾಚಿ ಅವನಿಗೆ ತೋರಿಸಿ, “ನನ್ನದನ್ನಾದ್ರೂ ನೋಡಿ ಡಾಕ್ಟ್ರೇ, ಇಷ್ಟು ಬಣ್ಣ ಹಾಕಿಸ್ಕೊಂಡು ಕೂತಿದ್ದೀನಿ” ಎಂದಳು. ಮನೆಗೆ ಕಳಿಸುವುದು ಎಂದರೆ ಏನೆಂದು ಈ ಮಹಡಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಮಸ್ತೂರಾಳ ಮನೆಯವರು ಆಕೆಗೆ ಕಾಯಿಲೆಯ ಹೆಸರು ಹೇಳಿರಲಿಲ್ಲ. ರಕ್ತ ಶುದ್ಧಿಮಾಡುವ ಡ್ರಿಪ್ ಎಂದಿದ್ದರು. ಆಕೆ ನಂಬಿದಂತೆ ನಟಿಸುತ್ತಿದ್ದಳೆಂಬುದನ್ನು ಸನೋಬರ್ ಮೊದಲ ದಿನವೇ ಕಂಡಿದ್ದಳು. ಸೊಸೆ ಬಡಿಸಿದ ತಿಂಡಿಯನ್ನು ಚೆನ್ನಾಗಿದೆ ಅನ್ನುವ ಹಾಗಿತ್ತು ಆ ನಟನೆ; ಮನೆಯವರೇನೋ ನಿಜವಾಗಿ ನಂಬಿದ್ದಾಳೆ ಎಂದುಕೊಂಡಿದ್ದರು.

ಹತ್ತು ಗಂಟೆಗೆ ಸನೋಬರ್ ಲೋಟದಲ್ಲಿ ಉಪ್ಪುನೀರು, ಮರದ ಪಟ್ಟಿಗೆ ಬಟ್ಟೆ ಸುತ್ತಿದ ಒರೆಸು, ಉಗುಳುವ ಬಟ್ಟಲು ಹಿಡಿದು ಬಂದಳು.

“ಬಾಯಿ ತೆರೀರಿ ಖೋಲಾ. ಇವತ್ತು ಪೂರ್ತಿ ತೆರೀಬೇಕು.”

ತಲೆವಸ್ತ್ರ ಸರಿಯಿತು. ತುಟಿಗಳು ಒಂದು ನಾಣ್ಯ ತೂರುವಷ್ಟು ಬಿರಿದವು. ತುಟಿಯ ಮೂಲೆಯಲ್ಲಿ ಒಣಗಿದ ರಕ್ತ. ಎಡಗಡೆಯ ಚಿನ್ನದ ಹಲ್ಲು ಆ ಸಂದಿಯಲ್ಲಿ ಒಮ್ಮೆ ಹೊಳೆದು ಮರೆಯಾಯಿತು. ಒರೆಸು ತಗುಲುವ ಮೊದಲೇ ತುಟಿ ಮುಚ್ಚಿತು.

“ಬರ್ಕೋ ಹೋಗು,” ಎಂದಳು ಮಸ್ತೂರಾ, ತುಟಿ ಅಲುಗಿಸದೆ, ಗಂಟಲಿನಿಂದ. “ದಿನಾ ಬರ್ಕೊಳ್ತೀಯಲ್ಲ. ನಂಗೇನು ಕಣ್ಣು ಹುಣ್ಣಾಗಿಲ್ಲ.”

ಸನೋಬರ್ ಒರೆಸನ್ನು ಬಟ್ಟಲಿಗೆ ಹಾಕಿದಳು. ಹಾಗಾದರೆ ಇಷ್ಟು ದಿನವೂ ಈಕೆ ನೋಡುತ್ತಿದ್ದಳು. ಸಂಜೆ ಐದಕ್ಕೆ, ಬಸ್ಸಿನ ಹೊತ್ತಿಗೆ, ಮಂಚದ ಕಾಲ ಬಳಿ ಬಗ್ಗಿ ಪ್ಲಸ್ ಎಳೆಯುವ ತನ್ನ ಬೆನ್ನನ್ನು ದಿಂಬಿನ ಮೇಲಿನ ಆ ಕಣ್ಣುಗಳು ನೋಡುತ್ತಿದ್ದವು, ಏನೂ ಅನ್ನುತ್ತಿರಲಿಲ್ಲ. ಅಂದರೆ ಇದು ಒಪ್ಪಂದ. ನೀನು ನೋಡಬೇಡ, ನಾನು ದೂರುವುದಿಲ್ಲ. ಈ ಒಪ್ಪಂದಕ್ಕೆ ತಾನು ರುಜು ಹಾಕಿದ್ದು ಈಗ ಒಂಬತ್ತು ದಿನದ ಹಿಂದಲ್ಲ, ಇಪ್ಪತ್ತಮೂರು ವರ್ಷದ ಹಿಂದೆ ಎಂದು ಅವಳಿಗೆ ಅನಿಸಿತು. ಬಿಳಿಯ ಪರದೆಯೊಳಗೆ ಬಗ್ಗಿ ಕುಳಿತ ಹತ್ತೊಂಬತ್ತರ ಮದುಮಗಳು, ಎದುರಿಗೆ ಕನ್ನಡಿ, ಸುತ್ತ ಗಂಡಿನ ಕಡೆಯ ಅರವತ್ತು ಹೆಂಗಸರು, ಜೇನುತುಪ್ಪದ ಚಮಚ ಹಿಡಿದು ಮಸ್ತೂರಾ ಖೋಲಾ. ಆಗ ಈಕೆ ದಪ್ಪಗೆ ಕೆಂಪಗೆ ಇದ್ದಳು, ಕೈಬಳೆ ಗಲಗಲ ಅನ್ನುತ್ತಿತ್ತು. ಬಾಯಿ ತೆರೀ ಮಗಳೇ. ಹುಡುಗಿ ತುಟಿಯನ್ನು ನಾಣ್ಯದಷ್ಟು ಬಿರಿದಳು. ಇಷ್ಟೇ ಬಾಯಾ? ಒಳಗೇನು ಬಚ್ಚಿಟ್ಟಿದ್ದೀಯೇ? ಎಂದು ಗಲ್ಲ ಹಿಡಿದು ಎತ್ತಿದ್ದೇ ಕಪ್ಪಾದ ಮುಂದಿನ ಹಲ್ಲು ಎಲ್ಲರಿಗೂ ಕಂಡಿತು. ‘ಅಯ್ಯೋ, ಒಂದು ಕಿಟಕಿಗೆ ಕಪ್ಪು ಪರದೆ ಹಾಕಿದ್ದಾರಲ್ಲ!’ ನಗು ಎಂದರೆ ಅದು. ಕಪ್ಪು ಹಲ್ಲಿಗೆ ಎರಡೇ ವರ್ಷದಲ್ಲಿ ಚಿನ್ನದ ಕವಚ ಬಂತು. ಬಾಯಿಗೆ ಕೈ ಅಡ್ಡ ಇಟ್ಟು ನಗುವ ಅಭ್ಯಾಸಕ್ಕೆ ಯಾವ ಕವಚವೂ ಬರಲಿಲ್ಲ. ಈ ವಾರ್ಡಿನಲ್ಲಿ ಮುಖಗವಸು ಕಡ್ಡಾಯವೆಂದು ಆದಾಗ ಮಿಕ್ಕ ಸಿಸ್ಟರ್‌ಗಳು ಸೆಕೆ ಎಂದು ಬೈದುಕೊಂಡರೆ ಸನೋಬರ್ ಒಬ್ಬಳೇ ನೆಮ್ಮದಿಯ ಉಸಿರು ಬಿಟ್ಟಿದ್ದಳು. ಒಂಬತ್ತು ದಿನದ ಹಿಂದೆ ದಾಖಲಾತಿಯ ಪುಸ್ತಕದಲ್ಲಿ ಆ ಹೆಸರು ಓದಿದಾಗ ಹೊಟ್ಟೆಯಲ್ಲಿ ತಣ್ಣಗೆ ಏನೋ ಸಂತೋಷವಾಯಿತಲ್ಲ, ಅದು ಏನು? ಈಗ ನಿನ್ನ ಬಾಯಿ ನಾನು ತೆರೆಸುತ್ತೇನೆ ಎಂಬ ಸಂತೋಷವೇ? ಆಮೇಲೆ ಅದನ್ನು ತೆರೆಸಲೂ ಇಲ್ಲ. ಸೇಡಿಗೂ ಧೈರ್ಯ ಬೇಕು, ಆರೈಕೆಗೂ ಬೇಕು; ಪ್ಲಸ್ಸಿಗೆ ಮಾತ್ರ ಏನೂ ಬೇಡ.

ಹನ್ನೆರಡಕ್ಕೆ ಮಸ್ತೂರಾಳ ಸೊಸೆ ಶಹ್ಲೋ ಬಂದಳು. ಮೂವತ್ತರ ಚುರುಕು ಹುಡುಗಿ, ಅತ್ತೆಗೆ ಹೆದರಿ ಹೆದರಿ ಬೇರೆ ಎಲ್ಲರ ಮೇಲೂ ಏರಿಹೋಗುವವಳು. ಹಾಲಿನಲ್ಲಿ ಬೇಯಿಸಿದ ಅನ್ನದ ಬುತ್ತಿ ಮುಚ್ಚಳ ತೆಗೆಯದೆ ಹಾಗೇ ಉಳಿಯಿತು. ಕಾರಿಡಾರಿನಲ್ಲಿ ಸನೋಬರಳನ್ನು ಹಿಡಿದುಕೊಂಡಳು.

“ಓಪಾ, ಪಕ್ಕದ ಮಂಚಕ್ಕೆ ನೀಲಿ ಹಚ್ಚಿದ್ದೀರ, ನಮ್ಮತ್ತೆಗೆ ಬರೀ ಉಪ್ಪುನೀರು. ನಾವೇನು ಪಾಪ ಮಾಡಿದ್ವಿ?”

“ನೀಲಿಯಿಂದ ಹುಣ್ಣು ಕಾಣೋದೇ ಇಲ್ಲಮ್ಮ. ಕಂಡ್ರೆ ತಾನೆ ನೋಡೋಕಾಗೋದು?”

“ಉಪ್ಪುನೀರಿಂದ ಏನ್ ಕಾಣ್ತಿದೆ ಈಗ? ಒಂಬತ್ತು ದಿನ ತೊಳೆದ್ರಲ್ಲ, ಹಾಳೇಲಿ ಓದ್ದೆ. ಮನೆಗೆ ಕರ್ಕೊಂಡ್ಹೋಗಿ ಅಂತಿದ್ದಾರೆ ಡಾಕ್ಟ್ರು. ಮಾವ ಬೆಳಗಿಂದ ಮೆಟ್ಟಿಲ ಹತ್ರಾನೇ ನಿಂತಿದ್ದಾರೆ, ಕೂತ್ಕೊಳ್ಳಿ ಅಂದ್ರೂ ಕೂರಲ್ಲ.”

ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುತ್ತಿರಲಿಲ್ಲ. ಮೆಟ್ಟಿಲ ತಿರುವಿನಲ್ಲಿ ಮಸ್ತೂರಾಳ ಗಂಡ ಎರ್ಗಶ್ ಅಜ್ಜ, ಟೋಪಿಯನ್ನು ಕೈಯಲ್ಲಿ ಹಿಡಿದು, ಬಟ್ಟೆಯ ಗಂಟೊಂದನ್ನು ಕಂಕುಳಲ್ಲಿ ಅವುಚಿಕೊಂಡು, ಗೋಡೆಗೆ ತಗುಲಿಸಿದ್ದ ಅಗ್ನಿಶಾಮಕ ನಿಯಮಗಳನ್ನು ಓದುತ್ತಿದ್ದ. ಕೆಳಗಿನಿಂದ ಮೇಲಕ್ಕೆ ಮೂರನೆಯ ಸಲ ಓದುತ್ತಿರುವವನ ಮುಖ. ಸನೋಬರಳನ್ನು ಕಂಡು ಎದೆಗೆ ಕೈಯಿಟ್ಟು ಬಗ್ಗಿ, “ನಿಮ್ಮ ಕೈಗೆ ನೋವಾಗದಿರಲಿ ಮಗಳೇ, ದಿನಾ ಎಷ್ಟು ಸಲ ತೊಳೀತೀರಂತೆ” ಎಂದ. ಸನೋಬರಳಿಗೆ ಓಡಿಹೋಗಬೇಕೆನಿಸಿತು. ಬೈದಿದ್ದರೆ ತಡೆದುಕೊಳ್ಳಬಹುದಾಗಿತ್ತು.

ಎರಡು ಗಂಟೆಗೆ ಲೋಟ ಹಿಡಿದು ವಾರ್ಡಿಗೆ ಹೋದಾಗ ಶಹ್ಲೋ ಅತ್ತೆಯ ಮಂಚದ ಅಂಚಿಗೆ ಕುಳಿತು ಆ ಗಂಟು ಬಿಚ್ಚುತ್ತಿದ್ದಳು. ಒಳಗಿದ್ದುದು ಒಂದು ರೊಟ್ಟಿ. ತಂದೂರಿನ ದುಂಡನೆಯ ರೊಟ್ಟಿ, ನಡುವೆ ಮೊಳೆಯಚ್ಚಿನ ಹೂವು, ಒಣಗಿ ಹಲಗೆಯಾಗಿತ್ತು. ಅಂಚಿನಲ್ಲಿ ಒಂದೇ ಒಂದು ಕಡಿತ. ಇದು ಯಾವ ರೊಟ್ಟಿ ಎಂದು ವಾರ್ಡಿನಲ್ಲಿ ಎಲ್ಲರಿಗೂ ತಿಳಿಯಿತು. ಮೂರನೆಯ ಮಂಚದವಳು ಎದ್ದು ಕುಳಿತಳು. ದೂರ ಹೊರಟವರು ಹೊಸ್ತಿಲಲ್ಲಿ ನಿಂತು ಹೊಸ ರೊಟ್ಟಿಯ ಅಂಚು ಕಚ್ಚಿ ಹೋಗುತ್ತಾರೆ. ಮಿಕ್ಕಿದ್ದನ್ನು ಬಟ್ಟೆಯಲ್ಲಿ ಸುತ್ತಿ ಬಾಗಿಲ ಬಳಿಯ ಮೊಳೆಗೆ ತೂಗುಹಾಕುತ್ತಾರೆ. ಸೈನ್ಯಕ್ಕೆ ಹೋದ ಹುಡುಗರ ರೊಟ್ಟಿ ಎರಡು ವರ್ಷ ತೂಗುತ್ತದೆ. ಹೋದವರು ಬಂದು ತಾವೇ ತಿಂದು ಮುಗಿಸಬೇಕು, ರೊಟ್ಟಿ ಅವರನ್ನು ಕರೆಯುತ್ತಿರುತ್ತದೆ. ಮಗುವಿಗೂ ಗೊತ್ತಿರುವ ಮಾತು. ಹಾಗಿರುವಾಗ ಎರ್ಗಶ್ ಅಜ್ಜ, ಹೆಂಡತಿ ಏನು ಕೊಟ್ಟರೂ ಒಲ್ಲೆ ಅನ್ನುತ್ತಾಳೆಂದು ಒಂಬತ್ತು ದಿನ ಮನೆಯಲ್ಲಿ ಒಬ್ಬನೇ ಆ ಮೊಳೆಯನ್ನು ನೋಡಿ ನೋಡಿ, ಇದಕ್ಕಾದರೆ ಒಲ್ಲೆ ಅನ್ನಲಾರಳು ಎಂದುಕೊಂಡು, ರೊಟ್ಟಿಯನ್ನೇ ಮೊಳೆಯಿಂದ ಇಳಿಸಿ ಬಸ್ಸು ಹತ್ತಿಸಿಕೊಂಡು ಬಂದಿದ್ದ.

“ಮಾವ ಕಳಿಸಿದ್ರು ಅತ್ತೆ. ಚಹಾದಲ್ಲಿ ನೆನೆಸಿ ಒಂದು ತುತ್ತು ತಿನ್ನಿ. ನಿಮ್ಮದೇ ರೊಟ್ಟಿ.”

ಸನೋಬರಳ ಕಣ್ಣು ಆ ಕಡಿತದ ಮೇಲೆ ನಿಂತಿತು. ಯಾವುದೋ ಸರಿಯಿರಲಿಲ್ಲ. ಅರವತ್ತೊಂದು ವರ್ಷದ ಹಲ್ಲುಗಳು ಕಚ್ಚಿದ ಕಡಿತ ಅದಾಗಿರಲಿಲ್ಲ. ಒಂದು ಹಲ್ಲೂ ಹೆಚ್ಚು ಕಡಿಮೆಯಿಲ್ಲ, ಒಂದು ಸಂದಿಯಿಲ್ಲ. ಬಿಸ್ಕತ್ತಿನ ಅಚ್ಚು ಒತ್ತಿ ತೆಗೆದ ಹಾಗೆ ನುಣ್ಣನೆಯ ಅರ್ಧಚಂದ್ರ. ಹಾಗಾದರೆ ಆ ಚಿನ್ನದ ಹಲ್ಲು? ಅಷ್ಟರಲ್ಲಿ ಮಸ್ತೂರಾ ದಿಂಬಿನಿಂದ ಎದ್ದಳು. ನಾಲ್ಕು ದಿನ ಒಳಗೇ ಇದ್ದ ನಾಲಗೆ ಹೊರಬಿತ್ತು.

“ಯಾವನ ಬುದ್ಧಿ ಇದು? ಆ ಮುದುಕನದಾ? ಮೊಳೆಯಿಂದ ಇಳಿಸಿದ್ನಾ? ರೊಟ್ಟಿ ಹತ್ರ ನಾನು ಹೋಗ್ಬೇಕಾ, ನನ್ನ ಹತ್ರ ರೊಟ್ಟಿ ಬರ್ಬೇಕಾ? ನಾನು ಮನೇಗೇ ಬರೋದಿಲ್ಲ ಅಂತ ಊರಿಗೆಲ್ಲ ಡಂಗುರ ಹೊಡ್ಸಿದ ಹಾಗಾಯ್ತಲ್ಲೋ! ಮೂವತ್ತು ವರ್ಷ ನಾನು ಊರಿಗೆಲ್ಲ ಹೇಳ್ಕೊಟ್ಟೆ, ನಮ್ಮನೇಲೇ…”

‘ನಮ್ಮನೇಲೇ’ ಎಂಬಲ್ಲಿ ಮೇಲಿನ ಹಲ್ಲುಗಳೆಲ್ಲ, ಚಿನ್ನದ್ದೂ ಸೇರಿ, ಒಟ್ಟಿಗೆ ಕೆಳಕ್ಕೆ ಜಾರಿದವು. ಅರೆಕ್ಷಣ. ಮಸ್ತೂರಾ ಅಂಗೈಯಿಂದ ಬಾಯಿ ಅದುಮಿ, ತಲೆವಸ್ತ್ರ ಎಳೆದು, ಗೋಡೆಗೆ ತಿರುಗಿ ಮಲಗಿಬಿಟ್ಟಳು. ಶಹ್ಲೋ ರೊಟ್ಟಿಯನ್ನು ಮಡಿಲಿಗೆ ಹಾಕಿಕೊಂಡು ಅಳತೊಡಗಿದ್ದಳು, ಅವಳು ಏನನ್ನೂ ನೋಡಿರಲಿಲ್ಲ. ನೋಡಿದವಳು ಸನೋಬರ್ ಒಬ್ಬಳೇ. ಆ ಅರೆಕ್ಷಣದಲ್ಲಿ ಹಲ್ಲಿನ ಮೇಲೆ ಕಂಡ ಒಸಡು ಹಸಿ ಮಾಂಸ, ಬಿಳಿಯ ತೇಪೆ, ರಕ್ತ. ಒಂಬತ್ತು ದಿನ ಒಮ್ಮೆಯೂ ಕಳಚದ ಪ್ಲಾಸ್ಟಿಕ್ಕಿನ ಅಂಗುಳ ಸುಟ್ಟ ಬಾಯಿಯನ್ನು ಉಜ್ಜಿ ಉಜ್ಜಿ ಮಾಡಿದ ಕೆಲಸ. ಔಷಧವಲ್ಲ. ಔಷಧ ಅರ್ಧ, ತಾನು ಅರ್ಧ. ಇಲ್ಲದ ಹಲ್ಲಿಗೆ ಚಿನ್ನದ ಕವಚ ಹಾಕಿಸುತ್ತಾರೆಯೇ ಯಾರಾದರೂ? ಹಾಕಿಸುತ್ತಾರೆ, ಸೆಟ್ಟು ಸೆಟ್ಟೆಂದು ಯಾರಿಗೂ ತಿಳಿಯಬಾರದು ಅಂತಿದ್ದರೆ. ಮಸ್ತೂರಾ ಖೋಲಾ ಹಾಕಿಸುತ್ತಾಳೆ.

ಶಹ್ಲೋಳನ್ನು ರೊಟ್ಟಿಯ ಸಮೇತ ಹೊರಗೆ ಕಳಿಸಿ, ಸನೋಬರ್ ಎರಡು ಡ್ರಿಪ್ಪಿನ ಕಂಬಗಳನ್ನು ಮಂಚದ ಪಕ್ಕಕ್ಕೆ ತಂದು ನಡುವೆ ಹಾಸುಬಟ್ಟೆ ಕಟ್ಟಿದಳು.

“ನಮ್ಮ ಕಡೆಗೂ ಗಾಳಿ ಬರ್ಲಿ ಸ್ವಲ್ಪ,” ಎಂದಳು ಆಚೆಯಿಂದ ಮೂರನೆಯ ಮಂಚದವಳು. “ಅದೇನ್ ಮುಚ್ಚುಮರೆ?”

“ನಿಮ್ಮ ಬಣ್ಣ ಒಣಗಿಸ್ಕೊಳ್ಳಿ,” ಎಂದಳು ಸನೋಬರ್.

ಪರದೆಯೊಳಗೆ ಸ್ಟೂಲು ಎಳೆದು ಕುಳಿತಳು. ಗೋಡೆಗೆ ತಿರುಗಿದ ಬೆನ್ನು ಅಲುಗಲಿಲ್ಲ. ಬೆನ್ನಿಗೆ ಮಾತಾಡುವುದು ಸುಲಭವೆಂದುಕೊಂಡಿದ್ದಳು, ಹಾಗೇನೂ ಇರಲಿಲ್ಲ.

“ಖೋಲಾ, ಅದನ್ನ ತೆಗೀಬೇಕು. ಅದರ ಕೆಳಗೇ ಹುಣ್ಣಾಗಿರೋದು. ನಾನು ಮೊದಲ ದಿನಾನೇ ಕೇಳ್ಬೇಕಿತ್ತು. ಕೇಳ್ಲಿಲ್ಲ. ದಿನಾ ತೆಗೆದು ತೊಳೆದೆ ಅಂತ ಸುಳ್ಳು ಬರೆದೆ. ಅದನ್ನ ಓದೇ ಡಾಕ್ಟ್ರು ಔಷಧ ನಿಲ್ಲಿಸ್ತಿರೋದು.”

ಆಮೇಲೆ ಬೆನ್ನು ಹೇಳಿತು: “ಹನ್ನೊಂದು ವರ್ಷ. ಆ ಮುದುಕನಿಗೇ ಗೊತ್ತಿಲ್ಲ. ದೀಪ ಆರಿಸಿದ ಮೇಲೆ ತೆಗೀತೀನಿ, ಅವನು ಏಳೋ ಮೊದ್ಲು ಹಾಕ್ಕೋತೀನಿ. ಇಲ್ಲಿ ನೀವು ದೀಪಾನೇ ಆರ್ಸಲ್ಲ.” ತಲೆವಸ್ತ್ರ ಇನ್ನಷ್ಟು ಎಳೆದುಕೊಂಡು, “ಮನೆಗೆ ಕಳಿಸಿದವರ ಮನೆಗಳಿಗೆ ನಾನು ಹೋಗಿದ್ದೀನಿ ಕಣೇ ಹುಡುಗಿ. ಮುಂಚಿತವಾಗೇ ಕರೀತಾರೆ. ಹಂಡೆ ಎಷ್ಟು ಬೇಕು, ತಟ್ಟೆ ಎಷ್ಟು ಬೇಕು ಅಂತ ಎಣಿಸೋಕೆ. ಒಳಕೋಣೇಲಿ ಮಲಗಿರೋವರಿಗೆ ಕೇಳಿಸ್ದಂಗೆ ಎಣಿಸ್ಬೇಕು.”

ಸನೋಬರ್ ಮುಖಗವಸು ಕಿತ್ತು ಹಾಕಿದಳು. ಏಕೆಂದು ಅವಳಿಗೂ ಗೊತ್ತಿರಲಿಲ್ಲ. ಆ ಕಪ್ಪು ಹಲ್ಲನ್ನು ತೋರಿಸಿ, ನೋಡಿ, ಇದನ್ನ ನೀವು ಅರವತ್ತು ಹೆಂಗಸರಿಗೆ ತೋರಿಸಿದಿರಿ, ನಾನು ಸಾಯಲಿಲ್ಲ ಎನ್ನಬೇಕೆಂದು ಇರಬೇಕು. ತೋರಿಸಲು ಅಲ್ಲಿ ಕಪ್ಪು ಹಲ್ಲೇ ಇರಲಿಲ್ಲ, ಇಪ್ಪತ್ತೊಂದು ವರ್ಷದ ಹಳೆಯ ಚಿನ್ನದ ಕವಚವಿತ್ತು. “ನನ್ನ ಮದುವೆಗೆ ನೀವೇ ಬಂದಿದ್ರಿ ಖೋಲಾ. ಜೇನು ತಿನ್ನಿಸೋವಾಗ ನನ್ನ ಬಾಯಿ ತೆರೆಸಿ ಎಲ್ರಿಗೂ ತೋರಿಸಿದ್ರಿ.”

ಮಸ್ತೂರಾ ತಿರುಗಿದಳು. ಒಂದು ಕಣ್ಣು ವಸ್ತ್ರದ ಮೇಲಿಂದ ಅವಳನ್ನು ಅಡಿಯಿಂದ ಮುಡಿಯವರೆಗೆ ಅಳೆಯಿತು. “ಯಾವ ಮೊಹಲ್ಲಾ?”

“ರೇಷ್ಮೆ ಬಣ್ಣ ಹಾಕೋವರ ಬೀದಿ. ಹಿಪ್ಪುನೇರಳೆ ಮರದ ಮನೆ.”

“ಓ. ಅಲ್ಲಿ ಪಲಾವು ತಳ ಹಿಡಿದಿತ್ತು,” ಎಂದಳು ಮಸ್ತೂರಾ. “ಬಾಣಸಿಗನಿಗೆ ನಾನೇ ಸೌಟಲ್ಲಿ ಹೊಡೆದೆ. ಅದು ನೆನಪಿದೆ. ಮದುಮಗಳು ನೆನಪಿಲ್ಲ.”

ಇಪ್ಪತ್ತಮೂರು ವರ್ಷ ತಾನು ಹೊತ್ತು ತಿರುಗಿದ್ದು ಆ ಹೆಂಗಸಿನ ಮನಸ್ಸಿನಲ್ಲಿ ಒಂದು ದಿನವೂ ಇರಲಿಲ್ಲ. ಅಲ್ಲಿ ಸುಟ್ಟ ಪಲಾವು ಇತ್ತು. ಸನೋಬರಳಿಗೆ ಅಳುವಂತಾಗಿ, ಬಂದದ್ದು ನಗು, ಕೈ ತಾನಾಗಿ ಬಾಯಿಗೆ ಅಡ್ಡ ಹೋಯಿತು. ಮಸ್ತೂರಾ ಆ ಕೈಯನ್ನು ನೋಡಿದಳು. ತನ್ನ ಬಾಯಿಯ ಮೇಲಿದ್ದ ತಲೆವಸ್ತ್ರವನ್ನು ಬೆರಳಿನಿಂದ ಮುಟ್ಟಿಕೊಂಡಳು. ಆ ನೋಟದಲ್ಲಿ ನೆನಪೂ ಇರಲಿಲ್ಲ, ಪಶ್ಚಾತ್ತಾಪವೂ ಇರಲಿಲ್ಲ. ಎಷ್ಟು ಜನಕ್ಕೆ ಎಷ್ಟು ಅಕ್ಕಿ ಎಂದು ಕಣ್ಣಳತೆಯಲ್ಲೇ ಹೇಳುವವಳ ಲೆಕ್ಕಾಚಾರ ಮಾತ್ರ ಇತ್ತು.

“ಲೋಟ ಕೊಡು. ಆ ಕಡೆ ತಿರುಗು.”

ಸನೋಬರ್ ತಿರುಗಿದಳು. ಹಿಂದೆ ಹೀರಿದ ಸದ್ದು, ನರಳಿದ ಸದ್ದು, ಗಾಜಿಗೆ ಏನೋ ಗಟ್ಟಿಯಾದದ್ದು ತಾಗಿದ ಸದ್ದು. ಮತ್ತೆ ತಿರುಗಿದಾಗ ಮಸ್ತೂರಾಳ ಮುಖದ ಕೆಳಗಿನ ಅರ್ಧ ಕುಸಿದು, ಹತ್ತು ವರ್ಷ ಹೆಚ್ಚಾಗಿತ್ತು. “ನೋಡ್ದೆಯಾ? ಈಗ ನಗು,” ಎಂದಳು, ಮಾತು ಗಾಳಿಯಾಗಿ ಸೋರುತ್ತಿತ್ತು. ಸನೋಬರ್ ನಗಲಿಲ್ಲ. “ಬಾಯಿ ತೆರೀರಿ” ಎಂದಳು. ಬಾಯಿ ತೆರೆಯಿತು, ಪೂರ್ತಿ. ಟಾರ್ಚು ಹಾಕಿ ನೋಡಿದಳು: ಅಂಗುಳ, ಒಸಡು, ಎರಡು ಕೆನ್ನೆಯ ಒಳಗೋಡೆ, ನಾಲಗೆಯ ಅಡಿ. ನೋಡುವುದು ಇಷ್ಟೇ ಆಗಿತ್ತು. ಎರಡು ನಿಮಿಷ. ಮೊದಲ ಗುಟುಕಿಗೆ ಮಸ್ತೂರಾ ಮಂಚದ ಕಂಬಿಯನ್ನೇ ಬಗ್ಗಿಸಿಬಿಡುವಂತೆ ಹಿಡಿದಳು, ಎರಡನೆಯದಕ್ಕೆ ಬೈದಳು, ಮೂರನೆಯದನ್ನು ಮುಕ್ಕಳಿಸಿ ಬಟ್ಟಲಿಗೆ ಉಗುಳಿದಳು. ನೋವು ಮರಗಟ್ಟಿಸುವ ಮುಲಾಮು ಹಚ್ಚಿ ಕಾಲು ಗಂಟೆ ಬಿಟ್ಟು ಶಹ್ಲೋಳ ಬುತ್ತಿಯನ್ನು ಬಿಚ್ಚಿದಾಗ ಹಾಲನ್ನ ತಣ್ಣಗಾಗಿ ಗಂಜಿಯಾಗಿತ್ತು. ಆರು ಚಮಚ ಹೋಯಿತು. ಏಳನೆಯದಕ್ಕೆ, “ಸಕ್ಕರೆ ಹಾಕೋಕೆ ಅವಳಿಗೆ ಯಾರೂ ಕಲಿಸ್ಲಿಲ್ಲ” ಎಂದು ತಲೆ ತಿರುಗಿಸಿದಳು.

ನಾಲ್ಕಕ್ಕೆ ಕೊದಿರೋವ್‌ನ ಕೋಣೆಯಲ್ಲಿ ಸನೋಬರ್ ಬೆಳಗಿನ ಆ ಏಳೆಂಟು ಶಬ್ದ ಹೇಳಿದಳು. ಅವು ಏಳೆಂಟೇ ಇದ್ದರೂ ಹೇಳಿ ಮುಗಿಸಲು ಬಹಳ ಹೊತ್ತು ಹಿಡಿಯಿತು. ಅವನು ಎದ್ದು ಬಂದ, ಪರದೆಯೊಳಗೆ ಬಗ್ಗಿ, ಟಾರ್ಚು ಹಿಡಿದು ನೋಡಿದ, ಹಾಳೆಯನ್ನೂ ಬಾಯಿಯನ್ನೂ ಎರಡು ಸಲ. ಕಾರಿಡಾರಿಗೆ ಬಂದ ಮೇಲೆ ತುಟಿ ಆಡಿಸುತ್ತ ಟಾರ್ಚು ಆರಿಸಿದ.

“ನಾಲಗೆ ಅಷ್ಟೇನಿಲ್ಲ. ಸೆಟ್ಟಿನ ಕೆಳಗೇ ಎಲ್ಲ. ನಾನು ಔಷಧ ನಿಲ್ಲಿಸ್ತಿದ್ದೆ, ಗೊತ್ತಾ ನಿಮಗೆ?”

“ಗೊತ್ತು ಡಾಕ್ಟ್ರೇ.”

“ಒಂಬತ್ತು ದಿನವೂ ನೀವೇನಾ?”

“ನನ್ನದು ಐದು.”

“ಮಿಕ್ಕ ನಾಲ್ಕು?”

ಸನೋಬರ್ ನೆಲ ನೋಡಿದಳು. ಅವನು ಕೇಳುವುದನ್ನು ಬಿಟ್ಟ. “ಮನೆಗೆ ಬೇಡ. ಗುರುವಾರ ಆಗಲ್ಲ. ಸೋಮವಾರ ಬಾಯಿ ನೋಡಿ ಡ್ರಿಪ್ ಹಾಕೋಣ. ನೀವು ವಿವರಣಾ ಪತ್ರ ಬರೆದುಕೊಡಿ, ಯಾಕೆ ಹೀಗಾಯ್ತು ಅಂತ. ಇನ್ನು ಈ ಹಾಳೆ ನಿಲ್ಲಿಸಿಬಿಡಿ ಓಪಾ. ಸುಳ್ಳು ಬರೆಯೋಕೆ ಇಷ್ಟು ಒಳ್ಳೆ ಕಾಗದ ಯಾಕೆ? ಎಲ್ರಿಗೂ ನೀಲಿ ಬಳೀರಿ. ಬಳಿದಿದ್ದಾರೋ ಇಲ್ವೋ ಅಂತ ನನಗೆ ಬಾಗಿಲಿಂದಾನೇ ಕಾಣುತ್ತೆ.”

ಕಾಣುತ್ತೆ. ಅಷ್ಟಕ್ಕೆ ಮೂರು ವರ್ಷ ಮುಗಿಯಿತು. ಪ್ರತಿವಾದಿಸಲು ಅವಳಿಗೆ ಮುಖವಿರಲಿಲ್ಲ. ಹಾಳೆಯ ಮಾನ ಕಳೆದವಳು ಅವಳೇ. ಸಿಸ್ಟರ್‌ಗಳ ಕೋಣೆಯಲ್ಲಿ ಬಿಳಿಯ ಕಾಗದ ಹರಡಿಕೊಂಡು ‘ವಿವರಣಾ ಪತ್ರ’ ಎಂದು ಬರೆದು ಅಡಿಗೆರೆ ಎಳೆದಳು. ಸಿಬ್ಬಂದಿಯ ಕೊರತೆಯಿಂದ ಎಂದು ಬರೆದಳು, ಅದು ನಿಜವಾಗಿತ್ತು, ಹೊಡೆದುಹಾಕಿದಳು. ರೋಗಿಯು ಸಹಕರಿಸದ ಕಾರಣ ಎಂದು ಬರೆದಳು, ಅದೂ ನಿಜ, ಅದನ್ನೂ ಹೊಡೆದಳು. ಜೇನುತುಪ್ಪದ ಚಮಚ ಎಂದು ಬರೆಯುವ ಹಾಗಿರಲಿಲ್ಲ. ಮೆಟ್ಟಿಲ ಕಡೆಯಿಂದ ಶಹ್ಲೋ ಮಾವನಿಗೆ ಅತ್ತೆಯ ಆಜ್ಞೆ ಒಪ್ಪಿಸುವುದು ಕೇಳಿಸುತ್ತಿತ್ತು: ಈಗಿನ ಬಸ್ಸಿಗೇ ಹೊರಡಬೇಕಂತೆ, ರೊಟ್ಟಿಯನ್ನ ಅದೇ ಮೊಳೆಗೆ ಅದೇ ಬಟ್ಟೆಯಲ್ಲಿ ಹಾಕಬೇಕಂತೆ, ಕಡಿತ ಗೋಡೆ ಕಡೆ ಇರಬೇಕಂತೆ, ದಾರೀಲಿ ಯಾರಾದ್ರೂ ಕೇಳಿದ್ರೆ ಸಂತೆಯಿಂದ ಬರ್ತಿದ್ದೀನಿ ಅನ್ಬೇಕಂತೆ. “ಆಯ್ತಮ್ಮ, ಆಯ್ತಮ್ಮ” ಎನ್ನುತ್ತಿತ್ತು ಮುದುಕನ ದನಿ. ಬೈಸಿಕೊಂಡದ್ದಕ್ಕೆ ಅದು ಎಷ್ಟು ಹಗುರಾಗಿತ್ತು.

ಟಣ್, ಟಣ್, ಟಣ್. ಗಾಜಿಗೆ ಚಮಚ ಬಡಿಯುವ ಸದ್ದು ವಾರ್ಡಿನಿಂದ ಬಂತು. ಸನೋಬರ್ ಮುಖಗವಸು ಹಾಕಿಕೊಂಡು ಓಡಿದಳು.

“ಆರು ಹೊಡೆದು ಎರಡು ನಿಮಿಷ ಆಯ್ತು,” ಎಂದಳು ಮಸ್ತೂರಾ, ತಲೆವಸ್ತ್ರದ ಹಿಂದಿನಿಂದ. “ನೀರೆಲ್ಲಿ?”

“ನನ್ನ ಪಾಳಿ ಮುಗೀತು ಖೋಲಾ, ರಾತ್ರಿ ಸಿಸ್ಟರ್…”

“ಅವಳೂ ಬರ್ಕೊಳ್ಳೋವಳೇ ತಾನೆ?”

ಮುಕ್ಕಳಿಸಿ ಉಗುಳಿ ಆಯಿತು. ಮಂಚದ ಪಕ್ಕದ ಲೋಟದಲ್ಲಿ ಉಪ್ಪುನೀರಿನಡಿ ಹಲ್ಲಿನ ಸಾಲು, ಚಿನ್ನದ್ದು ಎಡಗಡೆಗೆ ಹೊಳೆಯುತ್ತ, ಯಾರದೋ ನಗುವನ್ನು ಇಟ್ಟು ಮರೆತ ಹಾಗಿತ್ತು. ಅದರ ಮೇಲೆ ಮಸ್ತೂರಾ ಕರವಸ್ತ್ರ ಮುಚ್ಚಿದ್ದಳು. “ಇದನ್ನ ಕಳೀಬೇಡ,” ಎಂದಳು. “ಆ ರೊಟ್ಟಿ ಕಚ್ಚಿದ್ದು ಇದು. ಮುಗಿಸೋದೂ ಇದೇ.” ಸನೋಬರ್ ತಲೆಯಾಡಿಸಿ, ಇನ್ನೂ ಯಾರೂ ತೆಗೆದುಹಾಕಿರದ ಹಾಳೆಯ ಬಳಿ ಬಗ್ಗಿದಳು. ಆರು ಗಂಟೆಗೆ ಮನೆಯೇ ಇರಲಿಲ್ಲ, ಅಂಚಿನಲ್ಲಿ ಹೊಸದಾಗಿ ಗೆರೆ ಎಳೆದು ಪ್ಲಸ್ ಹಾಕಿದಳು. ಅದು ನಿನ್ನೆಯ ಪ್ಲಸ್ಸುಗಳ ಪಕ್ಕದಲ್ಲಿ ಅವುಗಳ ಹಾಗೇ ಕುಳಿತಿತ್ತು. ಇದು ಬೇರೆ ಎಂದು ಹೇಳುವ ಒಂದು ಗುರುತೂ ಅದಕ್ಕಿರಲಿಲ್ಲ.

“ಕೊಡಿಲ್ಲಿ ಅದನ್ನ.”

ದಿಂಬಿನ ಮೇಲಿಂದ ಕೈ ಚಾಚಿತ್ತು. ಸನೋಬರ್ ಹಾಳೆ ಕೊಟ್ಟಳು. ಕೈ ಇಳಿಯಲಿಲ್ಲ. ಪೆನ್ನನ್ನೂ ಕೊಟ್ಟಳು. ಮಸ್ತೂರಾ ಕಣ್ಣು ಕಿರಿದು ಮಾಡಿ ಒಂಬತ್ತು ದಿನವನ್ನೂ ಓದಿದಳು, ಬೀಗರ ಕಡೆಯವರು ತಂದ ತಟ್ಟೆಗಳನ್ನು ಎಣಿಸುವ ಹಾಗೆ. ಆಮೇಲೆ ಸನೋಬರ್ ಹಾಕಿದ ಕೊನೆಯ ಪ್ಲಸ್ಸನ್ನು ಹೊಡೆದುಹಾಕಿ, ಅದರ ಪಕ್ಕದಲ್ಲಿ, ಡ್ರಿಪ್ಪಿನ ಸೂಜಿ ಚುಚ್ಚಿ ಊದಿದ್ದ ಕೈಯಿಂದ, ನಿಧಾನವಾಗಿ, ಸೊಟ್ಟಗೆ, ತಾನೇ ಒಂದು ಹಾಕಿದಳು.

“ಇನ್ಮೇಲೆ ನಾನೇ ಬರೀತೀನಿ,” ಎಂದಳು. “ನಿಮ್ಮನ್ನ ನಂಬೋಕಾಗಲ್ಲ. ಎಂಟಕ್ಕೆ ನೀರು ಬರ್ಲಿ.”

ಹಾಳೆಯನ್ನು ಮಡಿಸಿ ದಿಂಬಿನ ಅಡಿಗೆ ತಳ್ಳಿ ಕಣ್ಣು ಮುಚ್ಚಿದಳು. ಸನೋಬರಳ ಕೈ ಮುಖಗವಸಿನ ಮೇಲೂ ಬಾಯಿಗೆ ಅಡ್ಡ ಬಂದಿತ್ತು. ಅದನ್ನು ಇಳಿಸಿ, ಕೊನೆಯ ಬಸ್ಸೂ ಹೋದರೆ ಹೋಗಲಿ ಎಂದು, ಭರಣಿಯಲ್ಲಿ ಎಂಟು ಗಂಟೆಗೆ ಸಾಲುವಷ್ಟು ನೀರು ಉಳಿದಿದೆಯೇ ಎಂದು ನೋಡಲು ಹೋದಳು.